ಹತ್ತೊಂಬತ್ತು ಅಂದೆವು

ಮೊನ್ನೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಬಸ್ಸಿನಲ್ಲಿ ಪಕ್ಕ ಕೂತವಳ ಚೀಲದಿಂದ ಅಂಗನವಾಡಿಯ ಪುಷ್ಟಿ ಹಿಟ್ಟಿನ ವಾಸನೆ ಬಂತು. ಹುರಿದ ಗೋಧಿ, ಹೆಸರುಕಾಳು, ಬೆಲ್ಲ. ನನಗೆ ಅದು ಸೇರುವುದಿಲ್ಲ. ಆದರೂ ಮೂಗು ಮುಚ್ಚಿಕೊಳ್ಳಲಿಲ್ಲ... ನಮ್ಮೂರಿನ ಅಂಗನವಾಡಿ ಟೀಚರ್ ನೆನಪಾದರು.

ನಮ್ಮ ಬೀದಿಯ ಮಕ್ಕಳನ್ನೆಲ್ಲ ತಕ್ಕಡಿಗೆ ಹಾಕಿ ತೂಗಿದವರು ಅವರೇ. ಹುಟ್ಟಿದ ದಿನ, ತಿಂಗಳ ತೂಕ, ಎಲ್ಲವೂ ಪುಸ್ತಕದಲ್ಲಿ. ಆಮೇಲೆ ಸರ್ಕಾರ ಮೊಬೈಲ್ ಕೊಟ್ಟಿತು. ಬಸುರಿಯರ ಹೆಸರು, ವಯಸ್ಸು ಅದರಲ್ಲಿ ಹಾಕಬೇಕು. ನಮ್ಮಲ್ಲಿ ಹುಡುಗಿಯರಿಗೆ ಬೇಗ ಮದುವೆ. ಹದಿನೆಂಟು ಅಂದರೆ ಕಾನೂನಿನ ಗಡಿ, ಅನುಮಾನ ಬರುತ್ತದೆ. ‘ಅತ್ತೊಂಬತ್ತು ಅಂದ್ಬುಡು’ ಎಂದು ಒಬ್ಬರಿಗೊಬ್ಬರು ಹೇಳಿಕೊಟ್ಟೆವು. ಎಲ್ಲರೂ ಹಾಗೇ ಅಂದೆವು. ಅಲ್ಲೇ ಸಿಕ್ಕಿಬಿದ್ದೆವು.

ಒಂದು ದಿನ ಟೀಚರ್ ಬಸುರಿಯರ ಪಟ್ಟಿ ತೆಗೆದು ನೋಡಿದರಂತೆ. ಮೇಲಿಂದ ಕೆಳಗೆ ಹತ್ತೊಂಬತ್ತು. ಹೋದ ವರ್ಷವೂ ಹತ್ತೊಂಬತ್ತು. ಅಟ್ಟದಿಂದ ಹಳೇ ತೂಕದ ಪುಸ್ತಕ ಇಳಿಸಿ ಹೆಸರಿಗೆ ಹೆಸರು ಹೊಂದಿಸಿದರು. ಐದು ತಿಂಗಳ ಬಸುರಿಯಾಗಿದ್ದ ನನ್ನ ಮೊಮ್ಮಗಳ ಹೆಸರೂ ಸಿಕ್ಕಿತು.

ಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದರು.

‘ಅಜ್ಜಿ, ಇವಳ್ನ ನಾನೇ ತೂಗಿದ್ದೀನಿ. ಇನ್ನೂ ಹದಿನಾರು. ಡಾಕ್ಟ್ರಿಗೆ ನಿಜ ಹೇಳಿ, ಹುಷಾರಾಗಿ ನೋಡ್ಕೋತಾರೆ. ಇಲ್ದಿದ್ರೆ ಜೀವಕ್ಕೇ ಕಷ್ಟ.’

‘ನಾನು ಅದಿಮೂರಕ್ಕೇ ತಾಯಾದೋಳು ಕಣವ್ವ. ಸತ್ತೋದ್ನಾ? ಓಗು, ಕೂಸ್ಗಳ್ಗೆ ಮೊಟ್ಟೆ ಬೇಯ್ಸೋಗು’ ಅಂದೆ. ಬೀದಿಯವರು ನಕ್ಕರು.

ಟೀಚರ್ ಪಟ್ಟಿಯನ್ನು ತಾಲ್ಲೂಕಿಗೆ ಕಳಿಸಿದರು. ಅಧಿಕಾರಿಗಳು ಜೀಪಿನಲ್ಲಿ ಬರುವಷ್ಟರಲ್ಲಿ ಮೊಮ್ಮಗಳನ್ನು ಬೇಗೂರಿನ ನೆಂಟರ ಮನೆಯಲ್ಲಿ ಬಚ್ಚಿಟ್ಟೆ. ತಪಾಸಣೆಗೂ ಕಳಿಸಲಿಲ್ಲ. ಬೀದಿಯವರೆಲ್ಲ ಸೇರಿ ಅಂಗನವಾಡಿಗೆ ಮಕ್ಕಳನ್ನು ಕಳಿಸುವುದು ನಿಲ್ಲಿಸಿದೆವು. ಟೀಚರ್ ದಿನಾ ಬಾಗಿಲು ತೆಗೆದು ಖಾಲಿ ಕೋಣೆಯಲ್ಲಿ ಕೂರುತ್ತಿದ್ದರು.

ಏಳನೇ ತಿಂಗಳಲ್ಲಿ ಮೊಮ್ಮಗಳಿಗೆ ಫಿಟ್ಸ್ ಬಂತು. ಚಾಮರಾಜನಗರದ ಆಸ್ಪತ್ರೆಗೆ ಹೊತ್ತೊಯ್ದೆವು. ಡಾಕ್ಟರ್ ವಯಸ್ಸು ಕೇಳಿದರು. ಆಗಲೂ ನಾನು ಹತ್ತೊಂಬತ್ತು ಅಂದೆ. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಮೊದಲೇ ನಿಜ ಹೇಳಿದ್ದರೆ... ಗೊತ್ತಿಲ್ಲ. ನಾನು ಅಳಲಿಲ್ಲ. ಈಗಲೂ ಅಳು ಬರುವುದಿಲ್ಲ.

ತಿಥಿಯ ದಿನ ಟೀಚರ್ ಬಂದು ಜಗಲಿಯ ಮೇಲೆ ಕೂತರು. ಒಂದು ಲೋಟ ನೀರೂ ಕೊಡಲಿಲ್ಲ ನಾನು. ‘ಹೇಳಿದ್ದೆನಲ್ಲ’ ಎಂದು ಅವರು ಅನ್ನಲಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ಆಮೇಲೆ ಕೆಲಸ ಬಿಟ್ಟು ತವರೂರು ಸೇರಿದರು ಎಂದು ಕೇಳಿದೆ.

ಮೊನ್ನೆ ಬಸ್ಸಿನಲ್ಲಿ ಪಕ್ಕದವಳನ್ನು ಟೀಚರ್ ಬಗ್ಗೆ ವಿಚಾರಿಸಿದೆ. ಅವಳೂ ಅಂಗನವಾಡಿಯವಳೇ.

‘ಅವ್ರು ಓಗ್ಬುಟ್ರು ಕಣಜ್ಜಿ, ಸಕ್ಕರೆ ಕಾಯ್ಲೆ. ನಿಮ್ಗೆ ಗೊತ್ತಿಲ್ವಾ?’ ಅಂದಳು.

ಯಾವಾಗ ಎಂದು ಕೇಳುವಷ್ಟರಲ್ಲಿ ಅವಳ ಸ್ಟಾಪ್ ಬಂತು.

ಮನೆಗೆ ಬಂದವಳೇ ತಲೆಗೆ ನೀರು ಸುರಿದುಕೊಂಡೆ. ನೆಂಟರು ಸತ್ತ ಸುದ್ದಿ ಕೇಳಿದರೆ ಮಾತ್ರ ನಮ್ಮಲ್ಲಿ ಹಾಗೆ ಮಾಡುವುದು. ಸೊಸೆ, ಸತ್ತ ಹುಡುಗಿಯ ತಾಯಿ, ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು.

‘ಯಾರೋದ್ರು ಅತ್ತೆ?’

‘ಟೀಚರ್ರು.’

ಅವಳು ಮೊರ ಕೆಳಗಿಟ್ಟು, ಎದ್ದು ಬಚ್ಚಲಿಗೆ ಹೋದಳು.