ಯಾರಿಂದಾಯ್ತು ಎಂಬ ಕಾಲಂ

ಅವರ ಎಡ ಅಂಗೈ ಸದಾ ನೀಲಿಯಾಗಿರುತ್ತಿತ್ತು. ಮೇಜಿನ ಕೆಳಗೆ ನುಸುಳಿ ವೈರು ಸರಿಮಾಡುವಾಗ ಕಾಗದ ಎಲ್ಲಿ ಸಿಗಬೇಕು? ಕಂಡದ್ದನ್ನೆಲ್ಲ ಬಾಲ್‌ಪೆನ್ನಿನಲ್ಲಿ ಅಂಗೈ ಮೇಲೆ ಗೀಚಿಕೊಂಡು, ಆಮೇಲೆ ಕೂತು ಉದ್ದನೆಯ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಸೋಪು ಹಾಕಿ ಎಷ್ಟು ತಿಕ್ಕಿದರೂ ಆ ನೀಲಿ ಪೂರ್ತಿ ಹೋಗುತ್ತಿರಲಿಲ್ಲ. ಮುದ್ದೆ ಮುರಿಯುವುದು ಬಲಗೈಯಲ್ಲಿ, ಸದ್ಯ.

ತುಮಕೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಅವರು ಅಟೆಂಡರ್. ಕುಣಿಗಲ್ ಕಡೆಯವರು, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲು. ಪ್ರಿನ್ಸಿಪಾಲರಿಂದ ಹಿಡಿದು ಹುಡುಗರವರೆಗೆ ಎಲ್ಲರಿಗೂ 'ಅಣ್ಣ'. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಿಸುವುದರಲ್ಲಿ ಮಾತ್ರ ಆ ಅಣ್ಣ ಪ್ರಿನ್ಸಿಪಾಲರಿಗೂ ರಿಯಾಯಿತಿ ಕೊಟ್ಟವರಲ್ಲ. "ಧೂಳು ಕಣಮ್ಮಾ. ಮನ್ಷಂಗೆ ಮೂಗಿಗೆ ಧೂಳು ಹೋದ್ರೆ ಸೀನ್ತಾನೆ. ಇವಕ್ಕೆ ಪಾಪ, ಸೀನಕ್ಕೂ ಬರಲ್ಲ" ಎನ್ನುತ್ತಿದ್ದರು.

ಆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಯಾವ ಮಿಷನ್ನು, ಏನಾಯ್ತು, ಏನ್ ಮಾಡಿದ್ವಿ, ಯಾರಿಂದಾಯ್ತು. ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲುಗಳನ್ನು ಕನ್ನಡ ಅಕ್ಷರದಲ್ಲೇ ಇಳಿಸಿಕೊಂಡಿರುತ್ತಿದ್ದರು. ಕಾಗದ ದಂಡ ಮಾಡುವ ಜಾಯಮಾನವೇ ಅಲ್ಲ, ಒಂದು ಗೆರೆಯನ್ನೂ ಖಾಲಿ ಬಿಡದೆ ಇರುವೆ ಸಾಲಿನ ಹಾಗೆ ತುಂಬಿಸುತ್ತಿದ್ದರು. ನಾಲ್ಕನೆಯ ಕಾಲಂ ಓದುವುದೆಂದರೆ ನನಗೆ ಭಾರಿ ಮಜಾ. 'ಇಲಿಯಿಂದ', 'ಕರೆಂಟಿನವರಿಂದ', 'ಸೆಕೆಂಡ್ ಇಯರ್ ಹುಡುಗರಿಂದ'. ನಡುನಡುವೆ ಸಂಕೋಚವಿಲ್ಲದೆ 'ನನ್ನಿಂದ'.

"ಇದೇನಣ್ಣ, ಪೊಲೀಸ್ ಸ್ಟೇಷನ್ನಾ?" ಎಂದು ರೇಗಿಸಿದ್ದೆ.

"ಬೈಯಕ್ಕಲ್ಲ ಮೇಡಂ. ಯಾರಿಂದ ಅಂತ ಬರ್ದ್ರೆ ಅಲ್ಲಿಗೆ ಮುಗೀತು. ಬರೀದೆ ಬುಟ್ರೆ ಎಲ್ಲಾರ್ ಮೇಲೂ ಅನುಮಾನ ಇರ್ತದೆ."

ನಾನು ಗೆಸ್ಟ್ ಲೆಕ್ಚರರ್ ಆಗಿ ಸೇರಿ ಆಗ ಎರಡು ತಿಂಗಳು. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಅಪ್ಪ ಆಗಲೇ ಬೀದಿಯವರಿಗೆಲ್ಲ ಮಗಳು ಲೆಕ್ಚರರ್ ಎಂದು ಸಾರಿ ಮುಗಿಸಿದ್ದರು. ಆಯುಧಪೂಜೆಯ ರಜೆ ಕಳೆದು ಕಾಲೇಜು ಶುರುವಾದ ದಿನ ನಮ್ಮ ಎಚ್.ಒ.ಡಿ. ತಮ್ಮ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. ಇಡೀ ವಿಭಾಗಕ್ಕೆ ಅದೊಂದೇ ಲ್ಯಾಪ್‌ಟಾಪು. ಅದನ್ನು ನಡೆಸಲು ವಿಂಡೋಸೂ ಇತ್ತು, ಹಳೆಯ ಲಿನಕ್ಸೂ ಇತ್ತು. ಆನ್ ಮಾಡಿದರೆ ಯಾವುದು ಬೇಕೆಂದು ಕೇಳುತ್ತಿತ್ತು. ಹಳೆಯ ಲಿನಕ್ಸ್ ತೆಗೆದು ಹೊಸದನ್ನು ಹಾಕುವುದು ನನ್ನ ಕೆಲಸ.

"ವಿಂಡೋಸ್ ಕಡೆ ಕೈ ಹಾಕ್ಬೇಡಮ್ಮ. ಫೈನಲ್ ಇಯರ್‌ನವರ ಇಂಟರ್ನಲ್ ಮಾರ್ಕ್ಸ್ ಅದರಲ್ಲೇ ಇದೆ, ಬೇರೆಲ್ಲೂ ಇಲ್ಲ. ನಾಳೆ ಯೂನಿವರ್ಸಿಟಿಗೆ ಕಳಿಸ್ಬೇಕು" ಎಂದು ಹೇಳಿ ಮೀಟಿಂಗಿಗೆ ಹೋದರು.

ಸಿಡಿ ಹಾಕಿದೆ. ಮೊದಲಿಗೇ ಅದು ಕೇಳಿತು: ಈ ಸಿಡಿ ಸರಿಯಾಗಿದೆಯೇ ಎಂದು ಪರೀಕ್ಷಿಸಲೇ, ಬೇಡವೇ? ಪರೀಕ್ಷೆಗೆ ಕಾಲು ಗಂಟೆ ಬೇಕು. ನನಗೆ ನಾಲ್ಕೂವರೆಯ ಗುಬ್ಬಿ ಬಸ್ಸಿನ ಚಿಂತೆ. ಬೇಡ ಎಂದು ಒತ್ತಿದೆ.

ಹಳೆಯ ಲಿನಕ್ಸ್ ಚೆನ್ನಾಗಿಯೇ ಅಳಿಸಿಹೋಯಿತು. ಹೊಸದು ಅರ್ಧ ದಾರಿಗೂ ಬರದೆ ನಿಂತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಆರಿಸಿ ಆನ್ ಮಾಡಿದರೆ ಕಪ್ಪು ಪರದೆ, ಮೇಲೊಂದು ಎರರ್ ಸಾಲು. ಯಾವುದು ಬೇಕು ಎಂದು ಕೇಳುತ್ತಿದ್ದ ಪಟ್ಟಿ ಹಳೆಯ ಲಿನಕ್ಸಿನದು. ಅದನ್ನು ಅಳಿಸಿದ ಮೇಲೆ ವಿಂಡೋಸಿಗೆ ಹೋಗುವ ದಾರಿಯೂ ಇಲ್ಲ. ವಿಂಡೋಸನ್ನು ಸರಿಪಡಿಸೋಣವೆಂದು ಅದರ ಸಿಡಿ ಹಾಕಿದರೆ ಅದೂ ಓಡಲಿಲ್ಲ. ಡಿಸ್ಕೇ ಹೋಯಿತು, ಮಾರ್ಕ್ಸೂ ಹೋಯಿತು, ನಾಳೆಯಿಂದ ಬರಬೇಡಿ ಎನ್ನುತ್ತಾರೆ ಎಂದು ತೀರ್ಮಾನಿಸಿಬಿಟ್ಟೆ.

ಲ್ಯಾಬಿಗೆ ಬೀಗ ಹಾಕಲು ಬಂದ ಅಣ್ಣ ನನ್ನ ಮುಖ ನೋಡಿ ನಿಂತರು. "ಯಾಕ್ ಮೇಡಂ, ಬಸ್ಸು ಹೋಯ್ತಲ್ಲ?"

ಅಳುವ ದನಿಯಲ್ಲಿ ಎಲ್ಲ ಒದರಿದೆ. ಅವರು ಮೊದಲು ಆ ಎರರ್ ಸಾಲನ್ನು ಅಂಗೈಗೆ ಇಳಿಸಿಕೊಂಡರು. ಆಮೇಲೆ ಕೇಳಿದರು: "ಮೊದ್ಲು ಸಿಡಿ ಟೆಸ್ಟ್ ಮಾಡ್ಕೊಂಡ್ರಾ?"

"ಹೂಂ, ಮಾಡಿದೆ" ಎಂದೆ. ಬಾಯಿಗೆ ಸುಳ್ಳು ಅಷ್ಟು ಸಲೀಸಾಗಿ ಹೇಗೆ ಬಂತೋ.

ಅವರು ಎರಡು ಸಿಡಿಗಳನ್ನೂ ಲ್ಯಾಬಿನ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದರು. ಎರಡೂ ಓಡಿದವು. "ಸಿಡೀದೇನೂ ಇಲ್ಲ. ಟ್ರೇ ತೆಗೀರಿ." ಟಾರ್ಚಿನ ಬೆಳಕು ಬಿಟ್ಟು ಬಗ್ಗಿದವರು ಹಾಗೇ ಸ್ಟೂಲಿನ ಮೇಲೆ ಕುಸಿದರು.

"ಅಯ್ಯೋ ಶಿವನೇ. ಇದು ನಾನೇ ಕಣಮ್ಮ."

ಟ್ರೇಯೊಳಗೆ, ಸಿಡಿ ಓದುವ ಪುಟ್ಟ ಗಾಜಿನ ಸುತ್ತ, ಕೆಂಪಗೆ ಕುಂಕುಮ. ಆಯುಧಪೂಜೆಯ ದಿನ ಲ್ಯಾಬಿನ ಎಲ್ಲ ಮಿಷನ್ನಿಗೂ ಅವರೇ ಬೊಟ್ಟಿಟ್ಟಿದ್ದರು. ಲ್ಯಾಪ್‌ಟಾಪಿನ ಸರದಿ ಬಂದಾಗ ಏನು ಮಾಡಿದೆನೆಂದು ಅವರೇ ಹೇಳಿದರು: "ಹೊಳೆಯೋ ಮುಚ್ಚಳ, ಕಲೆ ಆದ್ರೆ ಸಾರ್ ಬೈತಾರೆ ಅಂತ ಒಳಗಡೆ ಕಾಣ್ದಂಗೆ ಇಟ್ಟೆ. ಪೂಜೆ ಬುಡಕ್ಕಾಗುತ್ತಾ?" ಪ್ರಿನ್ಸಿಪಾಲರ ಚಪ್ಪಲಿ ಬಿಡಿಸಿದ ಮನುಷ್ಯ! ಅಳುತ್ತಿದ್ದವಳಿಗೆ ನಗು ಉಕ್ಕಿ ಬಂತು.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಕೂಸಿನ ಕಣ್ಣು ಒರೆಸುವ ಹಾಗೆ ಆ ಗಾಜನ್ನು ಒರೆಸಿದರು. ಒಣಗಿದ ಮೇಲೆ ವಿಂಡೋಸ್ ಸಿಡಿ ಹಾಕಿದೆವು. ಡ್ರೈವು ಗುಂಯ್ ಎಂದು ತಿರುಗಿತು. ಅಣ್ಣ ನೋಟ್‌ಬುಕ್ಕಿನ ಹಳೆಯ ಪುಟ ತೆಗೆದರು. ಹಿಂದೊಮ್ಮೆ ರಿಪೇರಿಗೆ ಬಂದ ಇಂಜಿನಿಯರ್ ಇಂಥದೇ ಎರರ್ ಸಾಲಿಗೆ ಮಾಡಿದ್ದನ್ನು ಬರೆದಿಟ್ಟಿದ್ದರು: 'ಆರ್ ಒತ್ತೋದು. ಫಿಕ್ಸ್ ಎಂಬಿಆರ್ ಅಂತ ಹೊಡೆಯೋದು. ಹೆದರಿಸುತ್ತೆ. ಹೆದರಬಾರದು. ವೈ ಒತ್ತೋದು.'

ಹೆದರಿಸಿಯೇ ಹೆದರಿಸಿತು. ಮುಂದುವರಿದರೆ ಡಿಸ್ಕಿನಲ್ಲಿದ್ದದ್ದೆಲ್ಲ ಹೋದರೂ ಹೋಗಬಹುದು ಎಂದು ಪರದೆ ಹೇಳುತ್ತಿತ್ತು. "ಒತ್ತಿ ಮೇಡಂ, ಬರ್ದೈತಲ್ಲ" ಎಂದರು ಅಣ್ಣ. ಒತ್ತಿದೆ.

ವಿಂಡೋಸ್ ಬಂತು. ಫೈಲು ತೆರೆಯಿತು. ಒಬ್ಬರ ಹೆಸರೂ ತಪ್ಪದೆ ಎಲ್ಲರ ಮಾರ್ಕ್ಸೂ ಇತ್ತು. ಹೋದ ಜೀವ ಬಂದಂತಾಗಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಅಣ್ಣ ಮಾತ್ರ, "ಮೊದ್ಲು ಇನ್ನೊಂದ್ ಕಡೆ ಕಾಪಿ ಮಾಡ್ಕಳಿ, ಆಮೇಲ್ ಸುಸ್ತಾಗಿ" ಎಂದರು.

ಮರುದಿನ ನಾನು ಎಚ್.ಒ.ಡಿ. ರೂಮಿಗೆ ಹೋಗುವಷ್ಟರಲ್ಲಿ ಅಣ್ಣ ಅಲ್ಲಿ ಕೈಕಟ್ಟಿ ನಿಂತಾಗಿತ್ತು. "ಸಾರ್, ಕೆಟ್ಟಿದ್ದು ನನ್ನಿಂದ. ಮೇಡಂದೇನೂ ಇಲ್ಲ."

"ಪೂಜೆ ಮಾಡಯ್ಯಾ ಅಂದ್ರೆ ಅಭಿಷೇಕಾನೇ ಮಾಡಿದೀಯಲ್ಲಯ್ಯ!" ಸಾರ್ ಸರಿಯಾಗಿಯೇ ಬೈದರು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನನ್ನ ಕೆಲಸ ಉಳಿಯಿತು. ಮುಂದೆ ಕಾಯಮೂ ಆಯಿತು.

ರಿಟೈರಾದ ದಿನ ಅಣ್ಣ ನೋಟ್‌ಬುಕ್ಕುಗಳ ಕಟ್ಟನ್ನು ನನ್ನ ಕೈಗಿಟ್ಟು ಕುಣಿಗಲ್ಲಿಗೆ ಹೋದರು. ಬೇರೆ ಪುಟಗಳನ್ನು ಎಷ್ಟೋ ಸಲ ತಿರುವಿದ್ದೇನೆ, ಕುಂಕುಮದ ದಿನದ ಆ ಒಂದು ಪುಟ ಮಾತ್ರ ತೆಗೆಯುತ್ತಿರಲಿಲ್ಲ. ಮೊನ್ನೆ ಅವರ ಮಗಳು ಫೋನ್ ಮಾಡಿ, ಅಪ್ಪ ಹೋಗಿಬಿಟ್ಟರು ಎಂದಳು. ಕುಣಿಗಲ್ಲಿಗೆ ಹೋಗಿ ಮುಖ ನೋಡಿ ಬಂದೆ. ಪಕ್ಕದಲ್ಲಿ ತೆರೆದಿದ್ದ ಎಡ ಅಂಗೈ ಬೆಳ್ಳಗಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಮನೆಗೆ ಬಂದು ಆ ಪುಟ ತೆಗೆದೆ. ಏನಾಯ್ತು ಎಂಬಲ್ಲಿ, 'ಕುಂಕುಮ ಬಿದ್ದು ಸಿಡಿ ಓದಲಿಲ್ಲ. ಮೇಡಂ ಟೆಸ್ಟ್ ಮಾಡಿದೆ ಅಂದರು.' ಮಾಡಿದ್ದರು ಎಂದಲ್ಲ, ಮಾಡಿದೆ ಅಂದರು. ಆ ಕುಂಕುಮ ಇಟ್ಟುಕೊಂಡು ಯಾವ ಸಿಡಿಯೂ ಟೆಸ್ಟ್ ದಾಟುತ್ತಿರಲಿಲ್ಲ. ಟೆಸ್ಟ್ ಮಾಡಿದ್ದರೆ ಹಳೆಯ ಲಿನಕ್ಸ್ ಅಳಿಸುವ ಮೊದಲೇ ಗೊತ್ತಾಗುತ್ತಿತ್ತು. ಟ್ರೇ ತೆಗೆದ ಗಳಿಗೆಯಲ್ಲೇ ನನ್ನ ಸುಳ್ಳು ಅವರಿಗೆ ತಿಳಿದಿತ್ತು.

ಯಾರಿಂದಾಯ್ತು ಎಂಬಲ್ಲಿ, 'ನನ್ನಿಂದ'. ಅದರ ಕೆಳಗೆ ಒಂದು ಗೆರೆ ಖಾಲಿ. ಇಡೀ ಕಟ್ಟು ಹುಡುಕಿದೆ, ಇನ್ನೆಲ್ಲೂ ಅವರು ಗೆರೆ ಬಿಟ್ಟಿಲ್ಲ.

ಪೆನ್ನು ತೆಗೆದುಕೊಂಡು ಆ ಗೆರೆಯಲ್ಲಿ ಬರೆದೆ: 'ನನ್ನಿಂದಲೂ. ಟೆಸ್ಟ್ ಮಾಡಿರಲಿಲ್ಲ, ಅಣ್ಣ.' ಅಲ್ಲಿಗೆ ಮುಗಿಯಿತು.