ಎಸಿಯ ಕೆಳಗಿನ ಬಕೆಟ್

"ಇದೊಮ್ಮೆ ಮೂಸಿ ನೋಡು ಮಾರಾಯ್ತಿ, ಹಾಳಾಗಿದಾ ಹೇಳು" ಎನ್ನುತ್ತಾ ಗಂಡ ತಾವು ಮಾಡಿದ ಬಿಯರಿನ ಬಕೆಟ್ಟಿನ ಮುಚ್ಚಳ ತೆಗೆದರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಕೊಲ್ಲಿ ದೇಶದ ಮಾಹೂಝ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಆಗಷ್ಟೇ ಬಂದಿದ್ದೆ. ಚಪ್ಪಲಿ ಕೂಡ ಕಳಚಿರಲಿಲ್ಲ. ಹೋಟೆಲಿನ ಕೆಲಸ ಹೋದ ಮೇಲೆ ಅವರು ಮನಸ್ಸಿಟ್ಟು ಮಾಡಿದ್ದು ಇದೊಂದೇ. ಸೆಕೆಗೆ ಕೆಡದಿರಲೆಂದು, ಎಸಿಯ ಕೆಳಗೆ ನಾನು ಮಲಗುತ್ತಿದ್ದ ಜಾಗವನ್ನೇ ಅದಕ್ಕೆ ಕೊಟ್ಟಿದ್ದರು. ನನಗೆ ಆ ಸಿಟ್ಟಿತ್ತು.

ಮೇಲೆ ಬಿಳಿ ಪೊರೆ ಕಟ್ಟಿತ್ತು. ಬಗ್ಗಿದರೆ ವಿನೆಗರಿನಂಥ ಹುಳಿ ವಾಸನೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಎಲ್ಲವನ್ನೂ ಬಚ್ಚಲಿಗೆ ಸುರಿದು, "ಇದೂ ಹೋಯ್ತು" ಎಂದರು.

ಮನೆಗೆ ಬಂದ ಕೂಡಲೇ, ಕೆಲಸದ ಫೋನ್ ಬಂತಾ ಎಂದು ಕೇಳುವುದು ನನ್ನ ಅಭ್ಯಾಸ. ಅಂದು ಕೇಳಲಿಲ್ಲ. ಬಕೆಟ್ ತೊಳೆದು ಒರೆಸಿ, ಮತ್ತೆ ಎಸಿಯ ಕೆಳಗೇ ಇಟ್ಟೆ.