ಸಾಮಿಲ್ ಪಾಳ್ಯದಲ್ಲಿ ಯಾರೂ ಇಲ್ಲ

ನನಗೆ ಬರೆದು ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ಜನಗಣತಿಗೆಂದು ಚಿಕ್ಕನಾಯಕನಹಳ್ಳಿ ಗುಡ್ಡದ ಕೆಳಗಿನ ಸಾಮಿಲ್ ಪಾಳ್ಯಕ್ಕೆ ಹೋಗಿದ್ದೆ. ಸಾಮಿಲ್ ಅಂದರೆ ಮರ ಕೊಯ್ಯುವ ಮಿಲ್ಲು. ಹಿಂದೆ ಹುಣಸೆ, ಹಲಸಿನ ದಿಮ್ಮಿ ಕೊಯ್ಯಲು ಬಂದವರು ಅದರ ಸುತ್ತ ಮನೆ ಕಟ್ಟಿಕೊಂಡು ಅದೇ ಊರಾಯಿತು. ಈಗ ಮಿಲ್ಲು ಮುಚ್ಚಿದೆ. ಜನ ಸಿಗದಿದ್ದರೆ ನಾನು ಬೇಚರಾಕ್, ಅಂದರೆ ಯಾರೂ ವಾಸವಿಲ್ಲದ ಊರು, ಎಂದು ಬರೆಯಬೇಕಿತ್ತು. ಹಾಗೆ ಬರೆದ ಊರಿಗೆ ಬಸ್ಸು, ನಲ್ಲಿ ಯಾರು ಕೊಡುತ್ತಾರೆ?

ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಜಗಲಿಯ ಮೇಲೆ ಹೆಂಗಸೊಬ್ಬರು ತೆಂಗಿನ ಗರಿ ಸೀಳುತ್ತಾ ಕೂತಿದ್ದರು.

“ಮನೇಲಿ ಯಾರ್ಯಾರಿದ್ದೀರಮ್ಮ?”

“ಯಾರೂ ಇಲ್ಲ ಕಣಪ್ಪ.”

“ಪಕ್ಕದ ಮನೇಲಿ?”

“ಅಲ್ಲೂ ಯಾರೂ ಇಲ್ಲ. ಊರಲ್ಲೇ ಯಾರೂ ಇಲ್ಲ.”

ಬೇಚರಾಕ್ ಎಂದು ಬರೆಯಲು ಪೆನ್ನು ತೆಗೆದೆ. “ಮತ್ತೆ ನೀವು?”

“ನಾನೆಲ್ಲಿಗೆ ಹೋಗ್ಲಿ? ಗಂಡಸ್ರು ಇಲ್ಲ ಅಂದೆ ಕಣಪ್ಪ. ಹಾಲ್ಕುರಿಕೆ ತೋಟಕ್ಕೆ ಮುದಿ ತೆಂಗು ಕಡಿಯಕ್ಕೆ ಹೋಗವ್ರೆ, ಸಂಜೆಗೆ ಬತ್ತಾರೆ. ಲೇ ಗೌರಿ, ಬಾಗ್ಲು ತಗಿಯೇ, ನಮ್ಮನ್ನ ಎಣಿಸಕ್ಕೆ ಬಂದವ್ರೆ.”

ಒಂದೊಂದೇ ಬಾಗಿಲು ತೆರೆದು ಹೆಂಗಸರು, ಮಕ್ಕಳು ಹೊರಬಂದರು. ನನಗೆ ಹೋದ ಜೀವ ಬಂದಂತಾಯಿತು. ಗಂಡಸರನ್ನೂ ಬರೆದುಕೊಂಡೆ. ಅವರನ್ನು ನೋಡದೆ ಹೇಗೆ ಬರೆದೆ ಎಂದರೆ, ಅದಕ್ಕೆ ಅವರ ಹೆಂಡತಿಯರನ್ನು ಕೇಳಿದರೆ ಸಾಕು, ಯಾಕೆಂದರೆ ಹೆಂಡತಿಗೆ... ಇರಿ, ನನ್ನ ಹೆಂಡತಿ ಕರೆಯುತ್ತಿದ್ದಾಳೆ.